ಖಾರಾ ಬನ್ ಹಿಟ್ಟು, ಫ್ರೀಜರ್ ಮತ್ತು ಹತ್ತು ವಾರ

ಅಪ್ಪನಿಗೆ ಬೆಳಗಿನ ಕಾಫಿ ಜೊತೆ ಖಾರಾ ಬನ್ ಬೇಕು. ಅದೂ ಬಿಸಿಯಾಗಿರಬೇಕು. ಮೈಸೂರಿನ ಹಳೇ ಮನೆಯಲ್ಲಿದ್ದಾಗ ಇದೊಂದು ವಿಷಯವೇ ಆಗಿರಲಿಲ್ಲ. ಬೀದಿ ಕೊನೆಯಲ್ಲೇ ಅಯ್ಯಂಗಾರ್ ಬೇಕರಿ ಇತ್ತು. ರಿಂಗ್ ರೋಡ್ ಆಚೆ ಬಂದ ಮೇಲೆ ಹತ್ತಿರದಲ್ಲಿ ಬೇಕರಿ ಇಲ್ಲ. ಮಂಡಿ ಆಪರೇಷನ್ ಆದ ಮೇಲೆ ಅಪ್ಪ ಅಷ್ಟು ದೂರ ನಡೆಯುವ ಹಾಗೂ ಇಲ್ಲ.

ಭಾನುವಾರ ನಾನು ಮನೆಯಲ್ಲೇ ಬನ್ ಮಾಡುತ್ತೇನೆ. ಚೆನ್ನಾಗಿಯೇ ಬರುತ್ತದೆ. ಆದರೆ ಅರ್ಧ ಕೆಜಿ ಮೈದಾಗೆ 12 ಬನ್ ಆಗುತ್ತವೆ, ಮನೆಯಲ್ಲಿರೋದು ಮೂರೇ ಜನ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮಾರನೇ ದಿನಕ್ಕೇ ಒಣಕಲು. ಬ್ರೆಡ್ಡು ಹೊರಗಿಗಿಂತ ಫ್ರಿಜ್ಜಿನ ಚಳಿಯಲ್ಲೇ ಬೇಗ ಗಟ್ಟಿಯಾಗುತ್ತದೆ. ಬೆಂದಾಗ ನೀರು ಕುಡಿದು ಮೆತ್ತಗಾದ ಪಿಷ್ಟ ಸೊನ್ನೆಯಿಂದ ಐದು ಡಿಗ್ರಿ ಚಳಿಯಲ್ಲಿ ಮತ್ತೆ ಬಿಗಿಯಾಗಿ ಕೂತುಬಿಡುತ್ತದೆ. ಬೇಯಿಸಿದ ಬನ್ನನ್ನು ಫ್ರೀಜರ್‌ನಲ್ಲೇ ಇಟ್ಟರೆ ಹಾಗಾಗುವುದಿಲ್ಲ, ಅದು ಗೊತ್ತು. ಆದರೆ ನನಗೆ ಬೇಕಾಗಿದ್ದದ್ದು ಬಿಸಿ ಮಾಡಿದ ಬನ್ ಅಲ್ಲ, ಆಗ ತಾನೇ ಬೆಂದ ಬನ್. ಬೆಳಿಗ್ಗೆ ಏಳಕ್ಕೆ ಮನೆ ತುಂಬ ಆ ವಾಸನೆ ಬರಬೇಕು. ಅದಕ್ಕೇ ಹಸಿ ಹಿಟ್ಟನ್ನೇ ಫ್ರೀಜರ್‌ಗೆ ಹಾಕಿ ನೋಡಲು ಹೊರಟೆ. ಏಪ್ರಿಲ್‌ನಿಂದ ಜೂನ್‌ವರೆಗೆ ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಇದು ಅದರಿಂದ ತೆಗೆದದ್ದು.

ನನ್ನ ಹತ್ತಿರ ಇರುವುದು ಇಷ್ಟು: ಡಬಲ್ ಡೋರ್ ಫ್ರಿಜ್, 28 ಲೀಟರ್ ಓಟಿಜಿ (ಕರೆಂಟಿನ ಸಣ್ಣ ಓವನ್), ಗ್ರಾಂ ತೋರಿಸುವ ತಕ್ಕಡಿ, ಹಿಟ್ಟಿಗೆ ಚುಚ್ಚಿ ನೋಡುವ ಕಡ್ಡಿ ಥರ್ಮಾಮೀಟರ್. ಥರ್ಮಾಮೀಟರ್ ಇಲ್ಲದಿದ್ದರೆ ಈ ಕೆಲಸದ ಅರ್ಧ ನನಗೆ ಅರ್ಥವೇ ಆಗುತ್ತಿರಲಿಲ್ಲ.

ಏಪ್ರಿಲ್ 6

ಮೊದಲ ಸಲ ಯಾವಾಗಲೂ ಮಾಡುವ ಹಾಗೇ ಮಾಡಿದೆ. ಮೈದಾ 500 ಗ್ರಾಂ, ನೀರು 290, ಸಕ್ಕರೆ 30, ಉಪ್ಪು 9, ಬೆಣ್ಣೆ 40, ಹಾಲಿನ ಪುಡಿ 15, ಇನ್‌ಸ್ಟಂಟ್ ಈಸ್ಟ್ 5 ಗ್ರಾಂ. ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ನಾದಿ ಮುಚ್ಚಿಟ್ಟೆ. ಒಂದೂವರೆ ಗಂಟೆಯಲ್ಲಿ ಹಿಟ್ಟು ಎರಡರಷ್ಟಾಯಿತು.

ಉಬ್ಬುವ ಮೊದಲೇ ಫ್ರೀಜರ್‌ಗೆ ಇಡೋದಾ, ಉಬ್ಬಿದ ಮೇಲೆ ಇಡೋದಾ ಎಂದು ಅನುಮಾನ ಬಂತು. ಅಮ್ಮನನ್ನು ಕೇಳಿದೆ. "ದೋಸೆ ಹಿಟ್ಟು ಹುಳಿ ಬಂದ ಮೇಲೆ ತಾನೆ ಫ್ರಿಜ್ಜಿಗೆ ಇಡೋದು? ಇದನ್ನೂ ಹಾಗೇ ಇಡು ಕಣೇ" ಅಂದರು. ನನಗೂ ಸರಿ ಅನಿಸಿತು. ಉಂಡೆ ಮಾಡಿ, ಆರನ್ನು ಅಂದೇ ಬೇಯಿಸಿದೆ, ಆರನ್ನು ಒಂದೇ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಫ್ರೀಜರ್‌ನಲ್ಲಿಟ್ಟೆ.

ಮುಂದಿನ ಭಾನುವಾರ ತೆಗೆದೆ. ಆರೂ ಒಂದಕ್ಕೊಂದು ಅಂಟಿ ಒಂದೇ ಗಡ್ಡೆಯಾಗಿದ್ದವು. ಅಡುಗೆಮನೆ ಕಟ್ಟೆ ಮೇಲೆ ಇಟ್ಟೆ. ಒಂದು ಗಂಟೆಯಾದ ಮೇಲೆ ನೋಡಿದರೆ ಹೊರಗೆ ಅಂಟಂಟು, ಒಳಗೆ ಇನ್ನೂ ಕಲ್ಲು. ಪೂರ್ತಿ ಕರಗುವ ಹೊತ್ತಿಗೆ ಹೊರಗಿನ ಹಿಟ್ಟು ತಟ್ಟೆಗೆ ಹರಡಿತ್ತು. ಮೂರು ಗಂಟೆ ಕಾದರೂ ಏಳಲಿಲ್ಲ. ಹಾಗೇ ಬೇಯಿಸಿದೆ. ಕೊಯ್ದಾಗ ತಳದಲ್ಲಿ ಒಂದು ಬೆರಳಿನ ಅಗಲ ಕಡುಬಿನ ಹಾಗೆ ಗಟ್ಟಿ ಪದರ, ಮೇಲೆ ಒಂದೆರಡು ದೊಡ್ಡ ತೂತು. ಈಸ್ಟಿನ ಕಮಟು ವಾಸನೆ ಬೇರೆ. ಅಪ್ಪ ಒಂದು ತುಂಡು ತಿಂದು ಕಾಫಿ ಕುಡಿದರು, ಏನೂ ಹೇಳಲಿಲ್ಲ.

ಎಡವಿದ್ದು ಎಲ್ಲಿ ಎಂದು ಓದಿದಾಗ ಗೊತ್ತಾಯಿತು. ದೋಸೆ ಹಿಟ್ಟಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೋಸೆ ಹಿಟ್ಟನ್ನು ನಾವು ಫ್ರಿಜ್ಜಿನಲ್ಲಿ ತಣ್ಣಗೆ ಮಾಡುತ್ತೇವೆ ಅಷ್ಟೇ, ಅಲ್ಲಿ ಹುದುಗು ನಿಧಾನವಾಗುತ್ತದೆ, ಸಾಯುವುದಿಲ್ಲ. ಫ್ರೀಜರ್‌ನಲ್ಲಿ ನೀರು ಹರಳಾಗುತ್ತದೆ. ಒಣಗಿದ ಈಸ್ಟ್ ಡಬ್ಬಿಯನ್ನು ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇಡಬಹುದು, ಏನೂ ಆಗಲ್ಲ. ನೀರು ಕುಡಿದು, ಸಕ್ಕರೆ ತಿಂದು ಚುರುಕಾದ ಈಸ್ಟಿಗೆ ಮಾತ್ರ ಅದೇ ಚಳಿ ತಡೆಯುವುದಿಲ್ಲ. ಎಷ್ಟು ಚೆನ್ನಾಗಿ ಎದ್ದಿರುತ್ತದೋ ಅಷ್ಟು ಬೇಗ ಸಾಯುತ್ತದೆ. ಸತ್ತ ಈಸ್ಟಿನಿಂದ ಗ್ಲುಟಾಥಯೋನ್ ಎಂಬ ವಸ್ತು ಹೊರಬರುತ್ತದೆ. ಅದು ಹಿಟ್ಟಿಗೆ ಬಲ ಕೊಡುವ ಗ್ಲುಟೆನ್ ಎಂಬ ಪ್ರೋಟೀನಿನ ಎಳೆಗಳನ್ನು ಸಡಿಲ ಮಾಡುತ್ತದೆ. ನನ್ನ ಹಿಟ್ಟು ತಟ್ಟೆಗೆ ಹರಡಿದ್ದು ಇದಕ್ಕೇ. ಉಬ್ಬಿಸಲು ಈಸ್ಟೂ ಕಡಿಮೆ, ಗಾಳಿ ಹಿಡಿದಿಡಲು ಬಲವೂ ಇಲ್ಲ.

ಹಾಗಾದರೆ ದಾರಿ ಉಲ್ಟಾ: ಮೊದಲು ಫ್ರೀಜರ್, ಆಮೇಲೆ ಉಬ್ಬುವುದು. ಈಸ್ಟ್ ಏಳುವ ಮೊದಲೇ ಹಿಟ್ಟು ಕಲ್ಲಾಗಬೇಕು.

ಏಪ್ರಿಲ್ 13

ಈ ಸಲ ಹಿಟ್ಟನ್ನು ತಣ್ಣಗಿಡಲು ಐಸ್ ನೀರಲ್ಲಿ ಕಲಸಿದೆ. ಒಂದಷ್ಟು ಈಸ್ಟ್ ಹೇಗೂ ಸಾಯುತ್ತದೆ ಎಂದು 5 ಗ್ರಾಂ ಬದಲು 8 ಗ್ರಾಂ ಹಾಕಿದೆ. ಆ ಈಸ್ಟನ್ನು ಐಸ್ ನೀರಿನಲ್ಲೇ ಕದಡಿದೆ. ಅದು ತಪ್ಪಾಯಿತು. ಒಣ ಈಸ್ಟಿಗೆ ಮೊದಲ ಗುಟುಕು ನೀರು ತೀರಾ ತಣ್ಣಗಿದ್ದರೆ ಅದರ ಪೊರೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಒಳಗಿನದೆಲ್ಲ ಸೋರುತ್ತದೆ. ಸೋರುವುದರಲ್ಲಿ ಅದೇ ಗ್ಲುಟಾಥಯೋನ್ ಇದೆ. ಹನ್ನೆರಡು ನಿಮಿಷ ನಾದಿದರೂ ಹಿಟ್ಟು ಕೈಗೆ ಅಂಟುತ್ತಲೇ ಇತ್ತು, ಹೋಳಿಗೆ ಕಣಕದ ಹಾಗೆ ಜೋಲುತ್ತಿತ್ತು.

ಆದರೂ ಉಂಡೆ ಮಾಡಿ ಫ್ರೀಜರ್‌ಗೆ ಹಾಕಿದೆ. ಹೇಗೆ ಇಟ್ಟರೆ ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡುವುದಿತ್ತು. ಆರು ಉಂಡೆ ಕವರಿನಲ್ಲಿ ಗುಂಪಾಗಿ. ಇನ್ನಾರನ್ನು ಅಂಗೈಯಲ್ಲಿ ಒತ್ತಿ ಎರಡು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಮೊದಲೇ ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡಿದ್ದ ಅಲ್ಯೂಮಿನಿಯಂ ಟ್ರೇ ಮೇಲೆ ಬಿಡಿಬಿಡಿಯಾಗಿ. ತಟ್ಟಿದ್ದು ಎರಡು ಗಂಟೆಯಲ್ಲಿ ನಡುವಿನವರೆಗೂ ಕಲ್ಲಾಗಿತ್ತು, ಕಡ್ಡಿ ಚುಚ್ಚಿದರೆ ಇಳಿಯಲಿಲ್ಲ. ಗುಂಪಿನ ನಡುವಿನ ಉಂಡೆ ಐದು ಗಂಟೆಯಾದರೂ ಮೈನಸ್ 2 ಡಿಗ್ರಿಯಲ್ಲೇ ನಿಂತಿತ್ತು, ಒತ್ತಿದರೆ ತಗ್ಗುತ್ತಿತ್ತು. ಉಪ್ಪು ಸಕ್ಕರೆ ಕರಗಿರುವ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಅಂದರೆ ಆ ಐದು ಗಂಟೆಯಲ್ಲಿ ಮೊದಲರ್ಧ ಈಸ್ಟ್ ಆರಾಮಾಗಿ ಕೆಲಸ ಮಾಡುತ್ತಿತ್ತು. ಅದೇ ಬೇಡವಾಗಿತ್ತು ನನಗೆ.

ಅದೇ ದಿನ ಫ್ರೀಜರ್ ಎಷ್ಟು ಚಳಿ ಇದೆ ಅಂತಲೂ ನೋಡಿದೆ. ಎರಡು ಬಟಾಣಿ ಪ್ಯಾಕೆಟ್ ನಡುವೆ ಥರ್ಮಾಮೀಟರ್ ಸಿಕ್ಕಿಸಿ ರಾತ್ರಿಯೆಲ್ಲ ಬಿಟ್ಟೆ. ಮೈನಸ್ 13! ಗುಂಡಿ ನಡುವಿನಲ್ಲಿತ್ತು. ಪೂರ್ತಿ ತಿರುಗಿಸಿದ ಮೇಲೆ ಮಾರನೇ ದಿನ ಮೈನಸ್ 18ಕ್ಕೆ ಇಳಿಯಿತು. ಹಿಟ್ಟಿಗೆ ಬೇಕಾದ್ದು ಅಷ್ಟು. ಬೇಸಿಗೆಯಲ್ಲಿ ನಿಮ್ಮ ಫ್ರೀಜರನ್ನೂ ಒಮ್ಮೆ ಅಳೆದು ನೋಡಿ, ಐಸ್ ಕಟ್ಟುತ್ತಿದೆ ಎಂದ ಮಾತ್ರಕ್ಕೆ ಮೈನಸ್ 18 ಇದೆ ಅಂತಲ್ಲ.

ಏಪ್ರಿಲ್ 20

ಬೆಳಿಗ್ಗೆ ಹಿಂದಿನ ವಾರದ ಬನ್ ಬೇಯಿಸಿದೆ. ತಟ್ಟಿ ಇಟ್ಟದ್ದು ಗುಂಪಿಗಿಂತ ಎಷ್ಟೋ ಚೆನ್ನಾಗಿ ಎದ್ದಿತ್ತು. ಆದರೆ ಎರಡರಲ್ಲೂ ಒಂದು ತೊಂದರೆ. ಹಿಟ್ಟು ಕರಗುವಾಗ ಈರುಳ್ಳಿ ಇದ್ದ ಕಡೆಯೆಲ್ಲ ಒದ್ದೆ ಗುಳಿ. ಹಸಿ ಈರುಳ್ಳಿಯ ತುಂಬ ನೀರು. ಫ್ರೀಜರ್‌ನಲ್ಲಿ ಅದರ ಕೋಶ ಒಡೆಯುತ್ತದೆ, ಕರಗಿದ ತಕ್ಷಣ ನೀರು ಬಿಡುತ್ತದೆ. ಬೆಂದ ಮೇಲೂ ಆ ಜಾಗ ಹಸಿಹಸಿ. ಇದು ಸಾದಾ ಬನ್ ಮಾಡುವವರಿಗೆ ಬರುವ ಸಮಸ್ಯೆ ಅಲ್ಲ, ಖಾರಾ ಬನ್ನಿನದೇ ಸಮಸ್ಯೆ. ಎಲ್ಲಿ ಓದಿದರೂ ಸಿಗಲಿಲ್ಲ.

ಪರಿಹಾರ ಒಗ್ಗರಣೆ. ಎರಡು ಈರುಳ್ಳಿ ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಕರಿಬೇವು ಹಸಿಮೆಣಸಿನಕಾಯಿ ಜೊತೆ ಬಾಡಿಸಿದೆ. ಕೆಂಪಾಗುವುದು ಬೇಡ. ಚೊರ್ ಅನ್ನುವ ಸದ್ದು ನಿಂತು, ಬಾಣಲೆ ತಳದಲ್ಲಿ ನೀರು ಕಾಣದ ಹಾಗಾದರೆ ಸಾಕು. 150 ಗ್ರಾಂ ಈರುಳ್ಳಿ 90ಕ್ಕೆ ಇಳಿಯಿತು. ಅಷ್ಟು ನೀರು ಹಿಟ್ಟಿಗೆ ಹೋಗುತ್ತಿತ್ತು! ತಟ್ಟೆಯಲ್ಲಿ ಹರಡಿ, ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟೆ. ಬೆಚ್ಚಗಿನ ಒಗ್ಗರಣೆ ಹಿಟ್ಟಿಗೆ ಬಿದ್ದರೆ ಐಸ್ ನೀರಲ್ಲಿ ಕಲಸಿದ್ದೇ ದಂಡ. ಕೊತ್ತಂಬರಿ ಫ್ರೀಜರ್‌ನಲ್ಲಿ ಕಪ್ಪಾಗುತ್ತದೆ, ಅದನ್ನು ಬಿಟ್ಟೆ. ಕರಿಬೇವಿಗೆ ಏನೂ ಆಗಲಿಲ್ಲ.

ಈಸ್ಟಿನ ಕ್ರಮವನ್ನೂ ಬದಲಾಯಿಸಿದೆ. ಹಿಂದಿನ ರಾತ್ರಿಯೇ ಮೈದಾ ಡಬ್ಬಿಯನ್ನು ಫ್ರಿಜ್ಜಿಗೆ ಹಾಕಿದ್ದೆ. ಒಟ್ಟು ನೀರಿನಿಂದ 40 ಗ್ರಾಂ ತೆಗೆದು ಉಗುರುಬೆಚ್ಚಗೆ ಮಾಡಿ ಅದರಲ್ಲಿ ಈಸ್ಟ್ ನೆನೆಸಿದೆ. ಉಳಿದ 250 ಗ್ರಾಂ ಐಸ್ ನೀರಲ್ಲಿ ಈಸ್ಟ್ ಬಿಟ್ಟು ಮಿಕ್ಕಿದ್ದೆಲ್ಲ ಕಲಸಿ ಐದು ನಿಮಿಷ ನಾದಿದೆ. ಆಮೇಲೆ ಈಸ್ಟ್ ಸೇರಿಸಿ ಮತ್ತೆ ಎಂಟು ನಿಮಿಷ. ಹೀಗೆ ಮಾಡಿದರೆ ಈಸ್ಟಿಗೆ ಮೊದಲ ನೀರು ಹಿತವಾಗಿ ಸಿಗುತ್ತದೆ, ಹಿಟ್ಟಿನೊಳಗೆ ಅದು ಎಚ್ಚರವಿರುವ ಹೊತ್ತೂ ಕಡಿಮೆಯಾಗುತ್ತದೆ. ಮೊದಮೊದಲು ಈಸ್ಟ್ ನೀರು ಹಿಟ್ಟಿನ ಮೇಲೆ ಜಾರುತ್ತದೆ, ಸೇರುವುದೇ ಇಲ್ಲ ಅನಿಸುತ್ತದೆ. ಮಡಚಿ ಮಡಚಿ ನಾದಿ, ಎರಡು ನಿಮಿಷದಲ್ಲಿ ಸೇರಿಕೊಳ್ಳುತ್ತದೆ.

ಮುಗಿದಾಗ ಹಿಟ್ಟಿನ ಬಿಸಿ 20 ಡಿಗ್ರಿ. ಅಡುಗೆಮನೆ 31 ಇತ್ತು. ಒಂದು ತುಂಡು ಕಿತ್ತು ಎರಡೂ ಕೈಯಲ್ಲಿ ಮೆಲ್ಲಗೆ ಎಳೆದೆ. ಹರಿಯದೆ ತೆಳ್ಳಗಾಗುತ್ತ ಹೋಗಿ, ಕಿಟಕಿಗೆ ಹಿಡಿದರೆ ಆಚೆ ಬೆಳಕು ಕಂಡಿತು. ಈ ಹದ ಬರಲೇಬೇಕು. ಮಾಮೂಲಿ ಬನ್ನಿಗೆ ಸ್ವಲ್ಪ ಕಡಿಮೆ ನಾದಿದ್ದರೂ ಉಬ್ಬುವ ಹೊತ್ತಿನಲ್ಲಿ ಹಿಟ್ಟು ತಾನೇ ಬಲ ಪಡೆಯುತ್ತದೆ. ಇಲ್ಲಿ ಆ ಹೊತ್ತೇ ಇಲ್ಲ, ಬಲವೆಲ್ಲ ಕೈಯಿಂದಲೇ ಬರಬೇಕು. ಬಾಡಿಸಿದ ಈರುಳ್ಳಿಯನ್ನು ಈ ಹದ ಬಂದ ಮೇಲೆ ಸೇರಿಸಿದೆ. ಮೊದಲೇ ಹಾಕಿದರೆ ಎಳೆ ಕೂಡುವುದಿಲ್ಲ.

ಹತ್ತು ನಿಮಿಷ ಒದ್ದೆ ಬಟ್ಟೆ ಮುಚ್ಚಿಟ್ಟು, 80 ಗ್ರಾಮಿನ 12 ಉಂಡೆ ಮಾಡಿ, ತಟ್ಟಿ, ತಣ್ಣನೆ ಟ್ರೇ ಮೇಲೆ ಇಟ್ಟೆ. ನಾದಿ ಮುಗಿಸಿದ್ದರಿಂದ ಫ್ರೀಜರ್ ಬಾಗಿಲು ಹಾಕುವವರೆಗೆ 25 ನಿಮಿಷ. ಎರಡು ಗಂಟೆಯಾದ ಮೇಲೆ ಜಿಪ್ ಕವರ್‌ಗೆ ತುಂಬಿ, ಗಾಳಿಯನ್ನೆಲ್ಲ ಒತ್ತಿ ತೆಗೆದು, ತಾರೀಖು ಬರೆದೆ. ಟ್ರೇ ಮೇಲೆ ಹಾಗೇ ಬಿಟ್ಟರೆ ಫ್ರೀಜರ್‌ನ ಒಣ ಗಾಳಿಗೆ ಮೇಲ್ಮೈ ಬಿಳಿಚಿ ತೊಗಲಿನ ಹಾಗಾಗುತ್ತದೆ.

ಏಪ್ರಿಲ್ 27

ಇದು ನಾನು ಮರೆಯದ ಬೆಳಗು. ಶನಿವಾರ ರಾತ್ರಿ ಒಂಬತ್ತಕ್ಕೆ ಆರು ಬನ್ ತೆಗೆದು, ಎಣ್ಣೆ ಸವರಿದ ಟ್ರೇ ಮೇಲೆ ದೂರದೂರ ಇಟ್ಟು, ಮೇಲೆ ಮುಚ್ಚಿ, ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿಟ್ಟೆ. ಬೆಳಿಗ್ಗೆ ಐದೂವರೆಗೆ ಹೊರಗೆ ತೆಗೆದಾಗ ಅವು ಮೆತ್ತಗಾಗಿದ್ದವು, ತಣ್ಣಗಿದ್ದವು, ಹರಡಿರಲಿಲ್ಲ. ಆರೂಕಾಲಿಗೆ ಅಂಚು ದುಂಡಗಾಗತೊಡಗಿತು. ಆರೂ ಮುಕ್ಕಾಲಿಗೆ ಬೆರಳ ತುದಿಯಿಂದ ಒತ್ತಿದೆ, ಗುಳಿ ನಿಧಾನವಾಗಿ ಅರ್ಧದಷ್ಟು ತುಂಬಿಕೊಂಡಿತು. ಬೇಯಿಸುವ ಹದ ಅದು. ಒತ್ತಿದ ತಕ್ಷಣ ಪುಟಿದರೆ ಇನ್ನೂ ಕಾಯಬೇಕು. ಗುಳಿ ಹಾಗೇ ಉಳಿದರೆ ಹೊತ್ತು ಮೀರಿದೆ ಎಂದು ಅರ್ಥ.

ಓಟಿಜಿಯನ್ನು 15 ನಿಮಿಷ ಮೊದಲೇ ಬಿಸಿಗೆ ಹಾಕಿದ್ದೆ. ಮೇಲೆ ಹಾಲು ಸವರಿ, ಎರಡೂ ರಾಡ್ ಹಾಕಿ, 190 ಡಿಗ್ರಿಯಲ್ಲಿ 18 ನಿಮಿಷ. ಹನ್ನೆರಡನೇ ನಿಮಿಷಕ್ಕೆ ಕರಿಬೇವಿನ ವಾಸನೆ ಹಾಲ್‌ವರೆಗೂ ಹೋಯಿತು. ಅಪ್ಪ ಪೇಪರ್ ಮಡಚಿಟ್ಟು ಅಡುಗೆಮನೆ ಬಾಗಿಲಿಗೇ ಬಂದು ನಿಂತರು. ತಳ ತಟ್ಟಿದರೆ ಟೊಳ್ಳು ಸದ್ದು, ಒಳಗಿನ ಬಿಸಿ 94 ಡಿಗ್ರಿ. ಮುರಿದಾಗ ಒಳಗೆ ಎಳೆಎಳೆಯಾಗಿ ಬಿಡಿಸಿಕೊಂಡಿತು, ತಳದ ಗಟ್ಟಿ ಪದರ ಇಲ್ಲ. "ಬೇಕರಿದೇ ಬಂತಲ್ಲಮ್ಮ" ಅಂದರು ಅಪ್ಪ. ಎರಡು ಬನ್ ತಿಂದರು.

ಎಷ್ಟು ದಿನ ಇಡಬಹುದು ಎಂಬುದು ಉಳಿಯಿತು. ಅದೇ ಭಾನುವಾರ ಒಂದು ಕೆಜಿ ಮೈದಾ ಎರಡು ಕಂತಿನಲ್ಲಿ ನಾದಿ 24 ಬನ್ ಇಟ್ಟೆ. ವಾರ ವಾರ ಒಂದಷ್ಟು ತೆಗೆದು, ಫ್ರಿಜ್ಜಿನಿಂದ ಹೊರಗಿಟ್ಟ ಮೇಲೆ ಹದಕ್ಕೆ ಬರಲು ಎಷ್ಟು ಹೊತ್ತು ಬೇಕು ಎಂದು ಬರೆದುಕೊಂಡೆ. ಒಂದು ವಾರದ್ದು ಒಂದೂಕಾಲು ಗಂಟೆ. ಎರಡು ವಾರದ್ದೂ ಹೆಚ್ಚುಕಡಿಮೆ ಅಷ್ಟೇ. ಮೂರು ವಾರದ್ದು ಒಂದೂವರೆ ದಾಟಿತು, ರುಚಿಯಲ್ಲಿ ವ್ಯತ್ಯಾಸ ಇಲ್ಲ. ಐದನೇ ವಾರ ಎರಡು ಗಂಟೆ ಮೇಲಾಯಿತು, ಎತ್ತರ ಕಡಿಮೆ. ಆರನೇ ವಾರ ಮೂರು ಗಂಟೆ ಕಾದರೂ ಅರೆಮನಸ್ಸಿನಿಂದ ಎದ್ದ ಹಾಗಿತ್ತು, ಬೆಂದ ಮೇಲೆ ಮೇಲ್ಮೈ ಸುಕ್ಕು. ತಿನ್ನಬಹುದು, ಆದರೆ ಅಪ್ಪನ ಮುಂದೆ ಇಡುವ ಬನ್ ಅಲ್ಲ. ನಮ್ಮ ಮನೆಯ ಲೆಕ್ಕ ಮೂರು ವಾರ, ಅಷ್ಟೇ.

ಒಳಗೆ ಇಡುವ ಜಾಗವೂ ಮುಖ್ಯ. ಫ್ರಾಸ್ಟ್ ಫ್ರೀ ಫ್ರಿಜ್ಜು ಒಳಗಿನ ಮಂಜು ಕರಗಿಸಲು ಆಗಾಗ ತಾನೇ ಸ್ವಲ್ಪ ಬಿಸಿಯಾಗುತ್ತದೆ. ಹಾಗೆ ಏರಿಳಿದಾಗಲೆಲ್ಲ ಹಿಟ್ಟಿನೊಳಗಿನ ಸಣ್ಣ ಹರಳುಗಳು ಸೇರಿ ದೊಡ್ಡದಾಗುತ್ತವೆ, ಎಳೆಗಳನ್ನು ಕುಯ್ಯುತ್ತವೆ. ಬಾಗಿಲ ಹತ್ತಿರ ಇಟ್ಟ ಕವರ್‌ನಲ್ಲಿ ಮೂರೇ ವಾರಕ್ಕೆ ಬನ್ನಿನ ಮೇಲೆ ಮಂಜಿನ ಪುಡಿ ಕೂತಿತ್ತು. ಹಿಂದುಗಡೆ ಡಬ್ಬಿಯಲ್ಲಿಟ್ಟದ್ದು ನುಣ್ಣಗೆ ಹಾಗೇ ಇತ್ತು.

ಮೇ 14, ಕರೆಂಟ್

ಮುಂಗಾರಿಗೆ ಮುಂಚಿನ ಗುಡುಗು ಮಳೆ. ಸಂಜೆ ಐದಕ್ಕೆ ಹೋದ ಕರೆಂಟು ರಾತ್ರಿ ಹನ್ನೊಂದಕ್ಕೆ ಬಂತು. ಆ ಆರು ಗಂಟೆ ಫ್ರೀಜರ್ ಬಾಗಿಲು ಯಾರೂ ತೆರೆಯಬೇಡಿ ಎಂದು ಚೀಟಿ ಅಂಟಿಸಿದ್ದೆ. ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಸಿಟ್ಟಿದ್ದು ಉಪಯೋಗಕ್ಕೆ ಬಂತು, ಫ್ರೀಜರ್ ತುಂಬಿದ್ದಷ್ಟೂ ಚಳಿ ಉಳಿಯುತ್ತದೆ. ಬಂದ ತಕ್ಷಣ ಮುಟ್ಟಿ ನೋಡಿದೆ, ಎಲ್ಲ ಗಟ್ಟಿ. ಒಂದು ಬನ್ನಿನ ಅಂಚು ಮಾತ್ರ ಉಗುರಿಗೆ ಸಿಗುವಷ್ಟು ಮೆತ್ತಗಾಗಿತ್ತು. ಅದನ್ನು ಮತ್ತೆ ಒಳಗೆ ಇಡಲಿಲ್ಲ, ಫ್ರಿಜ್ಜಿಗೆ ಇಳಿಸಿ ಬೆಳಿಗ್ಗೆ ಬೇಯಿಸಿದೆ. ಒಮ್ಮೆ ಕರಗಿದ ಹಿಟ್ಟನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಉಳಿದ ಈಸ್ಟೂ ಹೋಗುತ್ತದೆ.

ಮೇ 25, ಗೋಧಿ ಹಿಟ್ಟು

ಅಮ್ಮನಿಗೆ ಮೈದಾ ಅಂದರೆ ಅಷ್ಟಕ್ಕಷ್ಟೆ. ಪೂರ್ತಿ ಚಕ್ಕಿ ಗೋಧಿ ಹಿಟ್ಟಿನಲ್ಲಿ ಮಾಡಿದ್ದು ಫ್ರೀಜರ್‌ನಿಂದ ಬಂದ ಮೇಲೆ ಏಳಲೇ ಇಲ್ಲ. ತೌಡಿನ ಚೂರು ಎಳೆಗಳನ್ನು ಮೊದಲೇ ಕುಯ್ದಿರುತ್ತದೆ, ಮಿಕ್ಕಿದ್ದನ್ನು ಹರಳು ಕುಯ್ಯುತ್ತದೆ. 150 ಗ್ರಾಂ ಗೋಧಿ, 350 ಗ್ರಾಂ ಮೈದಾ ಸೇರಿಸಿ, ನೀರು 20 ಗ್ರಾಂ ಹೆಚ್ಚು ಹಾಕಿದ್ದು ಎರಡು ವಾರದವರೆಗೆ ಚೆನ್ನಾಗಿತ್ತು. ಅಮ್ಮ ಒಪ್ಪಿದರು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಹೇಳಬೇಕು. ದೊಡ್ಡ ಸ್ಯಾಂಡ್‌ವಿಚ್ ಬ್ರೆಡ್ಡಿಗೆ ನಾನು ಈ ದಾರಿ ಹಿಡಿಯುವುದಿಲ್ಲ. ಅಷ್ಟು ದಪ್ಪದ ಹಿಟ್ಟು ಮನೆಯ ಫ್ರೀಜರ್‌ನಲ್ಲಿ ನಡುವಿನವರೆಗೆ ಬೇಗ ಹೆಪ್ಪುಗಟ್ಟುವುದೇ ಇಲ್ಲ, ಅಷ್ಟರಲ್ಲಿ ಈಸ್ಟ್ ಎದ್ದಿರುತ್ತದೆ. ಬ್ರೆಡ್ ಪೂರ್ತಿ ಬೇಯಿಸಿ, ಆರಿಸಿ, ಸ್ಲೈಸ್ ಮಾಡಿ ಫ್ರೀಜರ್‌ಗೆ ಹಾಕುವುದು ವಾಸಿ. ಬೇಕಾದಾಗ ಸೀದಾ ಕಾವಲಿ ಮೇಲೆ ಹಾಕಿದರೆ ಆಯಿತು. ಹಸಿ ಹಿಟ್ಟಿನ ಉಪಾಯ ಬನ್, ಪಾವ್, ತೆಳ್ಳನೆ ಪಿಜ್ಜಾ ಹಿಟ್ಟಿನಂಥ ಸಣ್ಣ ಚಪ್ಪಟೆ ವಸ್ತುಗಳಿಗೆ. ಬೆಣ್ಣೆ, ಸಕ್ಕರೆ, ಹಾಲು ಸ್ವಲ್ಪ ಇರುವ ಹಿಟ್ಟು ಬರೀ ನೀರು ಹಿಟ್ಟಿನದಕ್ಕಿಂತ ಚೆನ್ನಾಗಿ ತಡೆಯುತ್ತದೆ.

ರಾತ್ರಿ ತೆಗೆದಿಡಲು ಮರೆತರೆ? ನಾನೂ ಮರೆತಿದ್ದೇನೆ. ಬೇಸಿಗೆಯಲ್ಲಿ ಫ್ರೀಜರ್‌ನಿಂದ ಸೀದಾ ಹೊರಗಿಟ್ಟು ಎರಡೂವರೆ ಗಂಟೆಯಲ್ಲಿ ಬೇಯಿಸಿದ್ದೇನೆ. ಮೇಲೆ ನೀರು ಕೂರುತ್ತದೆ, ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಬೇಕು. ತಟ್ಟಿ ಇಟ್ಟಿದ್ದರಿಂದಲೇ ಇದು ಸಾಧ್ಯ, ದುಂಡಗಿನ ಉಂಡೆಯಾದರೆ ಮೊದಲ ಸಲದ ಕಥೆಯೇ.

ಜೂನ್ 15

ಈಗ ಫ್ರೀಜರ್‌ನ ಹಿಂದಿನ ಡಬ್ಬಿಯಲ್ಲಿ ಒಂಬತ್ತು ಬನ್ ಇವೆ. ಕವರ್ ಮೇಲೆ ಜೂನ್ 8 ಎಂದು ಬರೆದಿದೆ, ಕೆಳಗೆ ಅಮ್ಮನ ಕೈಬರಹದಲ್ಲಿ "ಖಾರ ಜಾಸ್ತಿ" ಅಂತ. ನಾಳೆ ಸೋಮವಾರ, ನನಗೆ ಎಂಟಕ್ಕೆ ಆಫೀಸ್ ಬಸ್ಸು. ಮೂರು ಬನ್ ಟ್ರೇಗೆ ಹಾಕಿ ಫ್ರಿಜ್ಜಿನ ಕೆಳಗಿನ ಶೆಲ್ಫಿಗೆ ಇಳಿಸಿ ಬಂದೆ.